ಮದಲೂರು ಕೆರೆಯಲ್ಲಿ ನಾನು ತೊಳೆದ ಬೀದಿ

ಮಧುಗಿರಿಯ ನಮ್ಮ ಹೊಸ ರಂಗಮಂದಿರದ ಸಮಿತಿಯವರು ಸ್ಮರಣ ಸಂಚಿಕೆ ತರುತ್ತಿದ್ದಾರೆ. ಊರಿಗೆ ನಾಲ್ಕು ಕಾಸು ಬಂದ ಮೇಲೆ ಕಲೆ ಹೇಗೆ ಚಿಗುರಿತು ಎಂಬ ವಿಷಯದಲ್ಲಿ, ನಾಟಕದ ಪರದೆ ಬರೆಯುವವನ ಅನುಭವ ಬೇಕು ಎಂದು ನನ್ನನ್ನು ಕೇಳಿದರು. ಒಳ್ಳೆಯ ಮಾತು ಬರೆದು ಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಕಳೆದ ತಿಂಗಳು ಅದೇ ರಂಗಮಂದಿರದ ವೇದಿಕೆಯಲ್ಲಿ ಒಬ್ಬ ಭಾಷಣಕಾರರು, ದುಡ್ಡು ಬಂತು ಕಲೆ ಸತ್ತಿತು, ಹಳಬರ ಕೈಕೆಲಸವನ್ನು ಈ ವ್ಯಾಪಾರಿಗಳು ನುಂಗಿ ನೀರು ಕುಡಿದರು ಎಂದು ಗುಡುಗಿದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಟ್ಟಿದ ಕೈಗಳನ್ನು ನೋಡಿಕೊಂಡಾಗ ಮೈ ಉರಿದುಹೋಯಿತು. ಹಳಬರ ಕೈಕೆಲಸವನ್ನು ನುಂಗಿದವನು ಯಾರೆಂದು ಆ ಸಭೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಆ ಕೆಲಸ ಮಾಡಿದವನು ನಾನು.

ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಇದರಲ್ಲಿ ಯಾರ ಹೆಸರೂ ಇಲ್ಲ. ನನ್ನ ಹೆಸರು ಎಲ್ಲಿ ಹಾಕಬೇಕೆಂದು ಕೊನೆಯಲ್ಲಿ ಹೇಳುತ್ತೇನೆ.

ಈ ರಂಗಮಂದಿರಕ್ಕೆ ಪರದೆ ಬರೆಯುವ ಕೆಲಸ ನನ್ನ ಕೈಗೆ ಬಂದಾಗ ಊರಿನ ಸ್ಥಿತಿ ಹೀಗಿತ್ತು. ಪಾವಗಡದ ಕಡೆ ಸೋಲಾರ್‌ಗೆ ಜಮೀನು ಗುತ್ತಿಗೆ ಕೊಟ್ಟವರು, ಸಿರಾ ಹೆದ್ದಾರಿಯ ಪಕ್ಕ ಜಾಗ ಇದ್ದವರು, ಹುಣಸೆಹಣ್ಣಿನ ಮಂಡಿಯವರು, ಎಲ್ಲರ ಕೈಯಲ್ಲೂ ಕಾಸು ಓಡಾಡುತ್ತಿತ್ತು. ಅದಕ್ಕೆ ಹಿಂದಿನ ಇಪ್ಪತ್ತು ವರ್ಷ ನಾನು ಕೊರಟಗೆರೆಯಿಂದ ನಿಡುಗಲ್ಲಿನವರೆಗೆ ಪೌರಾಣಿಕ ನಾಟಕಗಳಿಗೆ ಪರದೆ ಹೊತ್ತು ತಿರುಗಿದ್ದೆ. ಆಗ ಹೊಸ ಪರದೆ ಬರೆಸುವ ಮಾತೇ ಇರಲಿಲ್ಲ. ಹರಿದದ್ದಕ್ಕೆ ತೇಪೆ, ತೇಪೆಗೆ ಬಣ್ಣ. ಬರಬರುತ್ತಾ ಫ್ಲೆಕ್ಸ್ ಬಂತು, ಅರಮನೆಯೆಂದರೆ ಕಂಪ್ಯೂಟರಿನಿಂದ ತೆಗೆದ ಯಾವುದೋ ಹೋಟೆಲಿನ ಚಿತ್ರವಾಯಿತು. ಹೀಗಿರುವಾಗ ಸಮಿತಿಯ ಅಧ್ಯಕ್ಷರಾದ ಸಿಮೆಂಟ್ ಅಂಗಡಿಯ ಯಜಮಾನರು ನನ್ನ ಬಾಗಿಲಿಗೆ ತಾವೇ ಬಂದರು.

"ಏಳು ಪರದೆ ಬೇಕು ಸ್ವಾಮಿ. ಫ್ಲೆಕ್ಸ್ ಗಿಕ್ಸ್ ಬೇಡ. ಕೈಯಲ್ಲಿ ಬರೆದಿದ್ದೇ ಆಗ್ಬೇಕು. ಚಿಕ್ಕೋನಿದ್ದಾಗ ನಮ್ಮಪ್ಪ ನಾಟಕಕ್ಕೆ ಕರ್ಕೊಂಡೋಗಿ ತೋರ್ಸ್ತಿದ್ದನಲ್ಲ, ಆ ತರಹದ್ದು."

"ಬಟ್ಟೆಗೇ ಬಹಳ ಆಗುತ್ತೆ ಯಜಮಾನ್ರೇ."

"ಆಗ್ಲಿ ಬುಡ್ರಿ. ಮನೆ ಕಟ್ಟೋರಿಗೆ ಸಿಮೆಂಟ್ ಮಾರಿ ಮಾರಿ ಸಾಕಾಗೈತೆ. ಒಂದ್ ಊರೂ ಕಟ್ಟೋಣ ಅಂತ."

ಈ ಮಾತನ್ನು ಯಾಕೆ ಬರೆಯುತ್ತೇನೆಂದರೆ, ದುಡ್ಡಿದ್ದವರಿಗೆ ರುಚಿ ಇಲ್ಲ ಎಂದು ಹೇಳುವವರ ಬಾಯಿ ಮುಚ್ಚಿಸಬೇಕು. ಅವರು ಒಳ್ಳೆಯದನ್ನೇ ಕೇಳಿಕೊಂಡು ಬಂದರು. ಕೊಡುವ ಕೈ ನನ್ನದಾಗಿತ್ತು.

ಏಳರಲ್ಲಿ ಮುಖ್ಯವಾದದ್ದು ಬೀದಿ ಪರದೆ. ಪೌರಾಣಿಕ ನಾಟಕದಲ್ಲಿ ಅರ್ಧದಷ್ಟು ದೃಶ್ಯ ಅದರ ಮುಂದೆಯೇ ನಡೆಯುತ್ತದೆ. ಅದಕ್ಕೆ ಮಾದರಿ ನನ್ನ ಟ್ರಂಕಿನಲ್ಲಿತ್ತು: ಸಿರಾದ ಉಸ್ತಾದರು ನಡುವಯಸ್ಸಿನಲ್ಲಿ ಬರೆದ ಹಸ್ತಿನಾವತಿಯ ಬೀದಿ. ಎಸ್ಸೆಸ್ಸೆಲ್ಸಿ ಮುಗಿಸಿ ಅವರ ಬಳಿಗೆ ಅಂಟು ಕುದಿಸಲು ಹೋದವನು ನಾನು. ಅವರು ಬರೆದ ಪರದೆಗಳೆಲ್ಲ ಹರಿದು, ಗೆದ್ದಲು ತಿಂದು, ಮಾರಾಟವಾಗಿ ಹೋಗಿದ್ದವು. ಇದೊಂದು ಉಳಿದಿತ್ತು. ಕಣ್ಣಿಗೆ ಪೊರೆ ಬಂದು ಕೆಲಸ ನಿಲ್ಲಿಸಿದ ದಿನ ಅದನ್ನು ನನ್ನ ಕೈಗೆ ಕೊಟ್ಟಿದ್ದರು.

ಆ ಬೀದಿಯನ್ನು ಅವರು ಬರೆದ ಕ್ರಮ ನನಗೆ ಕಣ್ಣಿಗೆ ಕಟ್ಟಿದಂತಿದೆ. ಮೊದಲು ಕೆಳಗಿನ ಅಂಗಡಿಗಳು. ಹುಣಸೆಹಣ್ಣಿನ ರಾಶಿ, ತಾಮ್ರದ ಬಿಂದಿಗೆ, ಬಳೆಯ ಸರ, ಕಂಬಳಿ. ಕಂಬಗಳೆಲ್ಲ ಸಿರಾದ ಹಳೆಯ ಕಟ್ಟಡಗಳವು. ಎಲ್ಲ ಮುಗಿದ ಮೇಲೆ, ಬಳೆ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ತೆರೆದ ಕಿಟಕಿ, ಅದರೊಳಗೆ ನೀಲಿ ಸೀರೆಯ ಹೆಂಗಸು, ಅವಳ ಮಡಿಲಲ್ಲಿ ವೀಣೆ. ನಾನು ಕಿಟಕಿಯನ್ನೇ ಮೊದಲು ಬರೆಯಬಾರದೇಕೆ ಎಂದು ಕೇಳಿದ್ದಕ್ಕೆ ನಕ್ಕಿದ್ದರು.

"ಅರೇ ಬೇಟಾ, ಕೆಳಗಡೆ ದುಕಾನು ಖಾಲಿ ಇದ್ರೆ ಮೇಲೆ ವೀಣೆ ಹಿಡ್ಕೊಂಡು ಯಾರು ಕೂತ್ಕೊಳ್ತಾರೆ? ಮೊದ್ಲು ಪೇಟೆ ತುಂಬಿಸು. ಆಮೇಲೆ ಕಿಟಕಿ ತೆರಿ."

ಅಳತೆಗೆ ಸುಮಾರು ಹದಿನಾರು ಅಡಿ ಎತ್ತರ, ಇಪ್ಪತ್ತನಾಲ್ಕು ಅಡಿ ಅಗಲದ ಪರದೆ. ಅದನ್ನು ನೆಲದ ಮೇಲೆ ಹಾಸಿ, ಮೇಲೆ ತೆಳು ಕಾಗದ ಇಟ್ಟು ಗೆರೆ ತೆಗೆದು, ಆ ಗೆರೆಗಳನ್ನು ದಪ್ಪ ಖಾಕಿ ಕಾಗದಕ್ಕೆ ಇಳಿಸಿ, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿದೆ. ಹೀಗೆ ಚುಚ್ಚಿದ ಕಾಗದವನ್ನು ಹೊಸ ಬಟ್ಟೆಯ ಮೇಲಿಟ್ಟು ಇದ್ದಿಲ ಪುಡಿಯ ಗಂಟಿನಿಂದ ತಟ್ಟಿದರೆ ಚುಕ್ಕಿಚುಕ್ಕಿಯಾಗಿ ಚಿತ್ರ ಇಳಿಯುತ್ತದೆ. ಬಟ್ಟೆಗೆ ಮೊದಲು ಹುಣಸೆ ಬೀಜದ ಅಂಟು ಹಚ್ಚಬೇಕು. ಬೀಜ ಹುರಿದು, ಸಿಪ್ಪೆ ಬಿಡಿಸಿ, ನೆನೆಸಿ, ಅರೆದು, ಗಂಜಿಯ ಹದಕ್ಕೆ ಕುದಿಸಿದ ಅಂಟು. ಬಣ್ಣಕ್ಕೂ ಅದೇ. ಅದು ನೀರಿಗೆ ಬಿಡುವ ಅಂಟು ಎಂಬುದನ್ನು ನೆನಪಿಡಿ.

ಆರು ಪರದೆ ಚೆನ್ನಾಗಿಯೇ ಆದವು. ಬಟ್ಟೆಯ ಪಟ್ಟಿಗಳನ್ನು ಕೂಡಿಸಿ ಹೊಲಿಯಲು ಬಡವನಹಳ್ಳಿಯಿಂದ ಒಬ್ಬ ಹೆಂಗಸು ಬರುತ್ತಿದ್ದಳು. ಐವತ್ತು ದಾಟಿದ್ದರೂ ಹೊಲಿಗೆಯ ಗೆರೆ ದಾರ ಹಿಡಿದಂತೆ ನೇರ. ನಾಲಿಗೆಯೂ ಹಾಗೇ. ಏಳನೆಯದಕ್ಕೆ ಬಟ್ಟೆ ಸಾಲದೆ ಬೆಂಗಳೂರಿನ ಸಗಟು ಅಂಗಡಿಯಿಂದ ತರಿಸಿದೆ. ಅವಳು ಅದನ್ನು ಬೆರಳಲ್ಲಿ ಉಜ್ಜಿ, "ಇದ್ಯಾಕೋ ಜಾರ್ತೈತೆ ಕಣಣ್ಣ" ಎಂದಳು.

"ಶುದ್ಧ ಹತ್ತಿ ಅಂತ ಮುದ್ರೆ ಹಾಕಿದಾರೆ. ನೀನು ಹೊಲಿ."

ಉಸ್ತಾದರು ಮುದ್ರೆ ನೋಡುತ್ತಿರಲಿಲ್ಲ. ಒಂದು ಎಳೆ ಕಿತ್ತು ಸೇದುತ್ತಿದ್ದ ಬೀಡಿಯ ಕೆಂಡಕ್ಕೆ ಹಿಡಿಯುತ್ತಿದ್ದರು. ಹತ್ತಿಯಾದರೆ ಬೂದಿ. ನಮ್ಮ ಅಂಟು ಹಿಡಿಯದ ಕಲಬೆರಕೆಯಾದರೆ ಕರಗಿ ಗಂಟಾಗುತ್ತದೆ. ಅದಕ್ಕೆ ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ನನಗಿರಲಿಲ್ಲ. ಸಮಿತಿಯವರು ದಿನಾ ಬಂದು ನನ್ನ ಕೆಲಸ ನೋಡಿ, ಕೈ ಮುಗಿದು ಹೋಗುತ್ತಿದ್ದರು. ನಾನು ದೊಡ್ಡ ಮನುಷ್ಯನಾಗಿಬಿಟ್ಟಿದ್ದೆ.

ಹನ್ನೆರಡು ದಿನ ಕೂತು ಬೀದಿ ಬರೆದೆ. ಆ ಕಿಟಕಿ ಮಾತ್ರ ಬಗ್ಗಲಿಲ್ಲ. ಹೆಂಗಸಿನ ಬೆರಳು ಬರೆದರೆ ಬದನೆಕಾಯಿ ಇಟ್ಟಂತೆ ಕಾಣುತ್ತಿತ್ತು. ಮೂರು ಸಲ ಅಳಿಸಿದೆ. ನಾಲ್ಕನೆಯ ಸಲ ಎರಡು ಬಾಗಿಲು ಬರೆದು ಕಿಟಕಿ ಮುಚ್ಚಿಬಿಟ್ಟೆ. ಅಷ್ಟು ಎತ್ತರದಲ್ಲಿ ಯಾರು ನೋಡುತ್ತಾರೆ ಎಂದುಕೊಂಡೆ.

ಒಣಗಿದ ಮೇಲೆ ಬಿದಿರಿನ ದಬ್ಬೆಗೆ ಸುತ್ತಿ, ಮಾರನೆಯ ದಿನ ಬಿಚ್ಚಿದೆ. ಪಟಪಟ ಎಂದಿತು. ಬಳೆ ಅಂಗಡಿಯಿಂದ ಅರಮನೆಯ ಗೋಪುರದವರೆಗೆ ಬಣ್ಣ ಬಿರುಕು ಬಿಟ್ಟಿತ್ತು. ಕೆಲವು ಕಡೆ ಹಕ್ಕಳೆಯಂತೆ ಎದ್ದಿತ್ತು. ಆಗ ಎಳೆ ಕಿತ್ತು ಬೆಂಕಿಗೆ ಹಿಡಿದೆ. ಕರಗಿ, ಕಪ್ಪು ಮಣಿಯಾಗಿ ಬೆರಳಿಗೆ ಅಂಟಿತು.

ಉದ್ಘಾಟನೆಗೆ ಹದಿನೆಂಟು ದಿನ ಉಳಿದಿತ್ತು. ಒಳ್ಳೆಯ ಬಟ್ಟೆ ಬರಲು ಮೂರು ವಾರ ಎಂದರು. ಅಧ್ಯಕ್ಷರ ಅಂಗಡಿ ನನ್ನ ಮನೆಯಿಂದ ನಡೆದರೆ ಹತ್ತು ನಿಮಿಷ. ಹೋಗಿ, ಬಟ್ಟೆಯಲ್ಲಿ ಮೋಸ ಹೋದೆ, ಎಳೆ ಸುಟ್ಟು ನೋಡಲಿಲ್ಲ, ದಿನ ಮುಂದೆ ಹಾಕಿ ಎನ್ನಬೇಕಿತ್ತು. ಹೋಗಲಿಲ್ಲ. ಕೈ ಮುಗಿಯುತ್ತಿದ್ದವರ ಮುಂದೆ ತಲೆ ತಗ್ಗಿಸಲು ನನ್ನಿಂದ ಆಗಲಿಲ್ಲ. ಕಣ್ಣು ಟ್ರಂಕಿನ ಕಡೆ ಹೋಯಿತು.

ಉಸ್ತಾದರ ಬಟ್ಟೆ ಬಂಗಾರದಂಥದ್ದು, ಕೈಮಗ್ಗದ ದಪ್ಪ ಹತ್ತಿ. ತೊಳೆದರೆ ಬಣ್ಣ ಹೋಗುತ್ತದೆ, ಬಟ್ಟೆ ಉಳಿಯುತ್ತದೆ. ಪಕ್ಕಗಳಿಗೆ ಪಟ್ಟಿ ಕೂಡಿಸಿದರೆ ಹೊಸ ವೇದಿಕೆಗೆ ಸರಿಯಾಗುತ್ತದೆ. ಬಡತನದ ಕಾಲದಲ್ಲಿ ಕೆಟ್ಟ ಪರದೆಗಳನ್ನು ಹೀಗೆ ತೊಳೆದು ಮತ್ತೆ ಬರೆಯುವುದು ನಮ್ಮ ಕಸುಬಿನಲ್ಲಿ ಇದ್ದದ್ದೇ. ಗೆರೆಯೆಲ್ಲ ಖಾಕಿ ಕಾಗದದಲ್ಲಿದೆ, ಹೋಗುವುದು ಬಣ್ಣ ಮಾತ್ರ, ಬಣ್ಣ ನಾನೇ ಹಾಕುತ್ತೇನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಈಗ ಅದನ್ನು ನೆನೆದರೆ ನನ್ನ ಬಾಯಿಗೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಬಡತನ ನಲವತ್ತು ವರ್ಷ ಮುಟ್ಟದೆ ಬಿಟ್ಟದ್ದನ್ನು ನಾನು ಊರು ಹಸನಾದ ಕಾಲದಲ್ಲಿ ತೊಳೆಯಲು ಹೊರಟಿದ್ದೆ.

ಹೊಲಿಯುವವಳಿಗೆ ಹೇಳಿದೆ. ಕತ್ತರಿ ಕೆಳಗಿಟ್ಟಳು.

"ಇದು ಸಾಬ್ರುದಲ್ವೇನಣ್ಣ?"

"ನನಗೆ ಕೊಟ್ಟಿದಾರೆ."

"ಇಟ್ಕಳಾಕೆ ಕೊಟ್ರಾ, ಒಗೆಯಾಕೆ ಕೊಟ್ರಾ?"

"ನಿನಗೆ ಗೊತ್ತಾಗಲ್ಲ ಬಿಡು. ಕೆರೆ ಹತ್ರ ಹೋಗಬೇಕು, ಹಿಂಡೋಕೆ ಇನ್ನೊಂದು ಕೈ ಬೇಕು."

"ನಾನ್ ಹೊಲಿಯಾಕ್ ಬಂದೋಳು. ಹೆಣ ತೊಳಿಯಾಕ್ ಬ್ಯಾರೆಯವ್ರನ್ನ ಕರ್ಕಾ."

ಒಬ್ಬನೇ ಹೋದೆ. ಮಧುಗಿರಿಯ ಹತ್ತಿರ ಯಾರಾದರೂ ಗುರುತು ಹಿಡಿಯುತ್ತಾರೆಂದು ಆಟೋದಲ್ಲಿ ಹಾಕಿಕೊಂಡು ಮದಲೂರಿಗೆ ಹೋದೆ. ಆ ವರ್ಷ ಕೆರೆಯಲ್ಲಿ ನೀರಿತ್ತು. ಬೆಳಿಗ್ಗೆ ಎಂಟರ ಬಿಸಿಲು. ಕಲ್ಲುಹಾಸಿನ ಮೇಲೆ ಬೀದಿಯನ್ನು ಹಾಸಿದೆ. ಮೊದಲ ಬಿಂದಿಗೆ ನೀರಿಗೇ ಹುಣಸೆಹಣ್ಣಿನ ರಾಶಿ ಕೆಂಪಗೆ ಹರಿಯಿತು. ಆಮೇಲೆ ತಾಮ್ರ, ಬಳೆ. ನೀಲಿ ಮಾತ್ರ ಬೇಗ ಬಿಡಲಿಲ್ಲ. ಕಿಟಕಿಯ ಹೆಂಗಸಿನ ಸೀರೆಯನ್ನು ತೆಂಗಿನ ನಾರಿನಿಂದ ಉಜ್ಜಿದೆ. ಮುಖ ಹೋಯಿತು, ಕೈ ಹೋಯಿತು, ವೀಣೆಯ ಕೊಡ ಕೊನೆಯವರೆಗೂ ಕಾಣುತ್ತಿತ್ತು. ಬಟ್ಟೆ ಒಗೆಯಲು ಬಂದ ಹೆಂಗಸೊಬ್ಬಳು ದೂರದಿಂದ, "ಯಾವೂರ ಚಪ್ಪರದ ಚಾಂದಿನೀನೋ ಇದು, ಇಷ್ಟೊಂದು ಬಣ್ಣ ಬಿಡ್ತೈತಲ್ಲ, ಅಂಗಡಿಯೋನಿಗೆ ವಾಪಸ್ ಕೊಡು" ಎಂದಳು. ನಾನು ಉಜ್ಜುತ್ತಲೇ ಇದ್ದೆ.

ನಾಲ್ಕು ದಿನ ಕಳೆದಿತ್ತು. ತೊಳೆದ ಬಟ್ಟೆ ಒಣಗಿ, ಅಂಟು ಹಚ್ಚಿ, ಚುಕ್ಕಿ ಇಳಿಸುತ್ತಿದ್ದೆ. ಅಧ್ಯಕ್ಷರು ಖುಷಿಯಿಂದ ಬಂದರು.

"ಸ್ವಾಮಿ, ಸಮಿತೀಲಿ ಒಂದು ತೀರ್ಮಾನ ಆಗೈತೆ. ಸಿರಾದ ಉಸ್ತಾದರ ಹಳೇ ಪರದೆ ಒಂದು ನಿಮ್ ಹತ್ರ ಐತಂತಲ್ಲ. ಅದನ್ನ ಮುಂಬಾಗ್ಲ ಹಾಲ್‌ನಲ್ಲಿ ಗಾಜು ಹಾಕ್ಸಿ, ಅವ್ರ ಹೆಸ್ರು ಬರ್ಸಿ ತೂಗ್ ಹಾಕೋಣ ಅಂತ. ಅವ್ರನ್ನ ಕರ್ಸಿ ಸನ್ಮಾನ. ಬರೀ ಶಾಲು ಹೊದ್ಸೋದಲ್ಲ, ಕಣ್ಣಿನ ಪೊರೆ ಆಪರೇಷನ್ನೂ ಮಾಡ್ಸ್ತೀವಿ. ತಾನ್ ಬರೆದಿದ್ದನ್ನ ತಾನೇ ನೋಡ್ಲಿ ಆ ಮನುಷ್ಯ."

ಆಗಲೂ ಬಾಯಿ ಬಿಡಬಹುದಿತ್ತು. ನನ್ನ ಮುಂದೆ ಎರಡೇ ಇದ್ದವು: ನಿಜ, ಮತ್ತು ಮೂಲೆಯಲ್ಲಿ ಸುತ್ತಿಟ್ಟಿದ್ದ ಆ ಬಿರುಕು ಬಿಟ್ಟ ಪರದೆ. ಬಿರುಕುಗಳಿಂದಾಗಿ ಅದು ನಲವತ್ತು ವರ್ಷ ಹಳೆಯದರಂತೆ ಕಾಣುತ್ತಿತ್ತು. ನಾನು ಎದ್ದು ಹೋಗಿ ಅದರ ಒಂದು ತುದಿ ಬಿಚ್ಚಿ ತೋರಿಸಿದೆ.

"ಅಯ್ಯೋ ಪಾಪ, ಹೆಂಗ್ ಒಡೆದೋಗೈತೆ," ಎಂದು ಅವರು ಮಗುವನ್ನು ಮುಟ್ಟಿದಂತೆ ಮುಟ್ಟಿದರು. "ಇನ್ನು ನಾವು ಜೋಪಾನ ಮಾಡ್ತೀವಿ ಬುಡಿ."

ಉದ್ಘಾಟನೆ ಬೆಳಿಗ್ಗೆ ಹತ್ತಕ್ಕೆ. ಮುಂಬಾಗಿಲಲ್ಲಿ ಗುರುವಿನ ಬೀದಿ, ವೇದಿಕೆಯಲ್ಲಿ ಶಿಷ್ಯನ ಬೀದಿ ಎಂದು ಆಮಂತ್ರಣದಲ್ಲೇ ಅಚ್ಚಾಗಿತ್ತು. ಹೊರಗಿದ್ದದ್ದು ನನ್ನ ಕೆಟ್ಟ ಕೆಲಸ, ಉಸ್ತಾದರ ಹೆಸರಿನಲ್ಲಿ. ಒಳಗಿದ್ದದ್ದು ಉಸ್ತಾದರ ಬಟ್ಟೆ, ನನ್ನ ಹೆಸರಿನಲ್ಲಿ. ಎರಡರಲ್ಲೂ ಕಿಟಕಿ ಮುಚ್ಚಿತ್ತು. ಜನ ಕಿಕ್ಕಿರಿದಿದ್ದರು. ನನ್ನ ಹಿಂದೆಯೇ ಯಾರೋ ಹೇಳಿದರು: "ಗುರುಗಿಂತ ಶಿಷ್ಯನ್ದೇ ಚೆಂದಾಗೈತೆ ಕಣ್ಲಾ." ನಾನು ತಿರುಗಿ ಕೈ ಮುಗಿದೆ. ಹೌದು, ಮುಗಿದೆ.

ಉಸ್ತಾದರನ್ನು ಅವರ ಮಗಳು ಕೈಹಿಡಿದು ಕರೆತಂದಳು. ಆಪರೇಷನ್ ಆದ ಕಣ್ಣಿಗೆ ಕಪ್ಪು ಕನ್ನಡಕ. ಅದನ್ನು ತೆಗೆದು ಗಾಜಿನ ಮುಂದೆ ನಿಂತರು. ಗಾಜು ಇಲ್ಲದಿದ್ದರೆ ಅವರ ಬೆರಳಿಗೆ ಬಟ್ಟೆ ಒಂದು ಕ್ಷಣದಲ್ಲಿ ಎಲ್ಲವನ್ನೂ ಹೇಳಿಬಿಡುತ್ತಿತ್ತು. ಬಹಳ ಹೊತ್ತು ನೋಡಿದರು.

"ಇದು ನಂದಾ?"

"ನಿಮ್ಮದೇ, ಉಸ್ತಾದ್."

"ಮೇಲೆ ವೀಣೆ ಇತ್ತಲ್ಲ ಬೇಟಾ. ಬಳೆ ಅಂಗಡಿ ಮೇಲೆ. ಕಿಟಕಿ ತೆರೆದಿತ್ತು."

"ಅದು ಬೇರೆ ಪರದೆ ಇರಬೇಕು ಉಸ್ತಾದ್. ಇದರಲ್ಲಿ ಮುಚ್ಚಿದ್ದ ಹಾಗೇ ನೆನಪು."

ಅವರು ಇನ್ನೂ ಹತ್ತಿರ ಹೋಗಿ ನೋಡಿದರು. ನಲವತ್ತು ವರ್ಷ ನನ್ನ ಮಾತನ್ನು ಅನುಮಾನಿಸದ ಮನುಷ್ಯ ಈಗ ತನ್ನ ನೆನಪನ್ನು ಅನುಮಾನಿಸಿದರು.

"ಹಂಗಾದ್ರೆ ನಾನು ಅಂಥಾ ಚೆನ್ನಾಗೇನೂ ಬರೀತಿರ್ಲಿಲ್ಲ," ಎಂದು ನಕ್ಕು, ಕನ್ನಡಕ ಹಾಕಿಕೊಂಡರು. "ಕಣ್ಣು ಹೋಗಿದ್ದಾಗ್ಲೇ ಚೆನ್ನಾಗಿ ಕಾಣ್ತಿತ್ತು ನೋಡು."

ಹೊಲಿಯುವವಳು ಕಂಬದ ಪಕ್ಕ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಊಟದ ಸಾಲಿಗೆ ಹೋಗುವಾಗ ನನ್ನನ್ನು ತಡೆದಳು. "ನಾನ್ ಯಾರ್ಗೂ ಹೇಳಲ್ಲ. ನಾನ್ ಹೇಳುದ್ರೆ ಚಾಡಿ ಆಗ್ತೈತೆ. ನೀನೇ ಹೇಳ್ಬೇಕು. ಅಲ್ಲೀಗಂಟ ನಿನ್ ಬಟ್ಟೆಗೆ ನನ್ ಸೂಜಿ ತಾಕಲ್ಲ." ಅವತ್ತಿನಿಂದ ಅವಳು ನನ್ನ ಹೊಸ್ತಿಲು ತುಳಿದಿಲ್ಲ.

ಐದು ತಿಂಗಳಿಗೆ ಉಸ್ತಾದರು ತೀರಿಹೋದರು. ಮನೆಯವರನ್ನು ಮಾತಾಡಿಸಲು ಸಿರಾಕ್ಕೆ ಹೋದೆ. ಮಗಳು ಟೀ ಕೊಟ್ಟು ಹೇಳಿದಳು: "ಅಬ್ಬಾ ಕೊನೆಗೆ ನಗ್ತಾ ಇದ್ರು ಚಾಚಾ. ಜನ್ಮವೆಲ್ಲ ನಾನು ವೀಣೆ ಬರೆದೆ ಅಂತ ಹೇಳ್ಕೊಂಡು ಬಂದೆ, ಬರೆದೇ ಇರ್ಲಿಲ್ಲ ನೋಡು, ಅಂತ." ನಾನು ಟೀ ಕುಡಿದು ಎದ್ದು ಬಂದೆ.

ಆ ರಂಗಮಂದಿರ ಬಂದ ಮೇಲೆ ಈ ಸೀಮೆಯಲ್ಲಿ ಆಗಿರುವುದನ್ನು ನೋಡಿ. ಪ್ರತಿ ಭಾನುವಾರ ಹಗಲು ನಾಟಕ. ಹಾರ್ಮೋನಿಯಂ ಕಲಿಸುವವರು ಪಾವಗಡದ ಕಡೆಯಿಂದ ಬಂದು ಇಲ್ಲೇ ಮನೆ ಮಾಡಿದ್ದಾರೆ, ಅರ್ಧ ತೆಲುಗಿನಲ್ಲಿ ಬೈದು ಪೂರ್ತಿ ಕನ್ನಡದಲ್ಲಿ ಹಾಡಿಸುತ್ತಾರೆ. ಫ್ಲೆಕ್ಸ್ ಬಿಟ್ಟು ಕೈಯಲ್ಲಿ ಬರೆದ ಪರದೆ ಕೇಳುವ ಊರುಗಳು ಹೆಚ್ಚಿವೆ. ಕೆಳಗೆ ಪೇಟೆ ತುಂಬಿದ ಮೇಲೆ ಉಸ್ತಾದರು ಹೇಳಿದ್ದೇ ನಡೆಯಿತು. ಕಿಟಕಿ ತೆರೆಯಲು ಊರು ಸಿದ್ಧವಾಗಿತ್ತು. ಮುಚ್ಚಿದ್ದು ಈ ಕೈ. ಹಾಗಿರುವಾಗ ವೇದಿಕೆ ಹತ್ತಿ ವ್ಯಾಪಾರಿಗಳನ್ನು ಬೈಯುವುದನ್ನು ಕೇಳಿಕೊಂಡು ಚಪ್ಪಾಳೆ ತಟ್ಟುವುದು ಇನ್ನು ನನ್ನಿಂದ ಆಗದು.

ಹೋದ ವಾರ ಖಾಕಿ ಕಾಗದದ ಸುರುಳಿ ಹಿಡಿದು ಮತ್ತೆ ಸಿರಾಕ್ಕೆ ಹೋದೆ. ಮಗಳ ಮುಂದೆ ಎಲ್ಲವನ್ನೂ ಹೇಳಿದೆ. ಬಳೆ ಅಂಗಡಿಯ ಮೇಲಿನ ಭಾಗದ ಹಾಳೆಯನ್ನು ಬಿಚ್ಚಿ, ತೆರೆದ ಬಾಗಿಲಿಗೆ ಅಡ್ಡ ಹಿಡಿದೆ. ಹೊರಗಿನ ಬಿಸಿಲು ಸೂಜಿಯ ತೂತುಗಳಲ್ಲಿ ಬಂದು, ಕಿಟಕಿ, ಹೆಂಗಸು, ಬೆರಳು, ವೀಣೆ ಚುಕ್ಕಿಗಳಲ್ಲಿ ಮೂಡಿದವು.

"ಬರೆದಿದ್ರು," ಎಂದಳು.

"ಬರೆದಿದ್ದರು ಕಣಮ್ಮ."

"ಕಾಗದ ಇಲ್ಲಿಟ್ಟು ಹೋಗಿ."

ಚಿಕ್ಕ ಹುಡುಗಿಯಾಗಿದ್ದಾಗಿನಿಂದ ಪ್ರತಿ ಮಾತಿನ ಕೊನೆಗೂ ನನ್ನನ್ನು ಚಾಚಾ ಎನ್ನುತ್ತಿದ್ದವಳು. ಅವತ್ತು ಅನ್ನಲಿಲ್ಲ. ಸುರುಳಿಯನ್ನು ಇಟ್ಟು ಬಂದೆ.

ಇಲ್ಲಿಯವರೆಗೆ ಬರೆದದ್ದನ್ನು ಮೊದಲು ಅಧ್ಯಕ್ಷರಿಗೆ ಓದಲು ಕೊಟ್ಟೆ. ಓದಿ ಮುಗಿಸಿ ಹಾಳೆಗಳನ್ನು ಮೇಜಿನ ಮೇಲಿಟ್ಟರು. "ಬಟ್ಟೆ ಕೆಟ್ಟೋಯ್ತು ಅಂತ ಒಂದ್ ಮಾತು ಅಂದಿದ್ರೆ ತಿಂಗ್ಳು ಮುಂದಕ್ ಹಾಕ್ತಿದ್ವಲ್ಲ ಸ್ವಾಮಿ. ನಮಗೇನು ಅವಸರ ಇತ್ತು?" ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಇದನ್ನ ಅಚ್ಚು ಹಾಕ್ಸೋದು ಬೇಡ. ಸದ್ದಿಲ್ದಂಗೆ ಆ ಮುಂಬಾಗ್ಲ ಪರದೇನ ಇಳಿಸ್ಬುಡಾಣ. ನಿಮ್ ಮರ್ಯಾದೀನೂ ಉಳೀತೈತೆ" ಎಂದರು. ನನಗೆ ಅವರ ಮೇಲೂ ರೇಗಿತು. ನನ್ನ ಮರ್ಯಾದೆ ಉಳಿಸಲು ಹೋಗಿಯೇ ಇಷ್ಟೆಲ್ಲ ಆದದ್ದು.

ಸಮಿತಿಯವರಲ್ಲಿ ಕೇಳಿಕೊಳ್ಳುವುದು ಇಷ್ಟು. ಇದನ್ನು ಒಂದು ಅಕ್ಷರ ಬಿಡದೆ ಅಚ್ಚು ಮಾಡಿ. ಉಸ್ತಾದರ ಬೀದಿಯನ್ನು ಮತ್ತೆ ಬರೆಸುವುದಾದರೆ ಅವರ ಮಗಳನ್ನು ಕೇಳಿ, ಕಾಗದ ಅವಳ ಬಳಿ ಇದೆ. ಅವಳು ಕೇಳಿದರೆ ಯಾವ ಬಣ್ಣ ಎಲ್ಲಿತ್ತೆಂದು ಹೇಳುತ್ತೇನೆ, ಕುಂಚ ಮುಟ್ಟುವುದಿಲ್ಲ. ಮುಂಬಾಗಿಲಿನ ಆ ಬಿರುಕು ಪರದೆಯನ್ನು ಮಾತ್ರ ಇಳಿಸಬೇಡಿ. ಅದರ ಕೆಳಗಿರುವ ಉಸ್ತಾದರ ಹೆಸರನ್ನು ಕಿತ್ತು, ಅಲ್ಲಿ ನನ್ನ ಹೆಸರು ಹಾಕಿ.